ಗಾಲಿಗೆ ಹಚ್ಚಿದ ಕರಿ

ದಂಡಿನವರ ಬೂಟಿಗೆಂದು ಊರ ಚರ್ಮವೆಲ್ಲ ಹೋಗತೊಡಗಿದ ಮೇಲೆ ವಿಜಾಪುರದ ಅಂಚಿನ ಇಬ್ರಾಹಿಂಪುರದ ಸಮಗಾರ ರಾಯಪ್ಪನ ಕೈಗೆ ಕೆಲಸವಿಲ್ಲದಾಯಿತು. ಉಳಿ, ಚರ್ಮ ಕೊಯ್ಯುವ ರಂಪಿಗೆ ಮೂಲೆ ಸೇರಿದವು. ಹೆಂಡತಿ ರುದ್ರವ್ವ ಜೋಳದ ನುಚ್ಚಿಗೆ ದಿನಾ ಒಂದಿಷ್ಟು ನೀರು ಹೆಚ್ಚಿಸುತ್ತ ಬಂದಳು. ಕೊನೆಗೊಂದು ದಿನ ಗಡಿಗೆಯಲ್ಲಿ ಬರೀ ನೀರೇ ಕುದಿಯಿತು. ಆವತ್ತೇ ಗುರಲಿಂಗಪ್ಪ ಸಾವಕಾರನ ಆಳು ಬಂದು ಅವನನ್ನು ಕರೆದ.

ಸೊಲ್ಲಾಪುರ ರಸ್ತೆಯಲ್ಲಿ ಸಾವಕಾರನ ಮೋಟಾರು ಶೆಡ್ಡು. ಒಂದು ಕಾರು, ಎರಡು ಬಸ್ಸು. ಬಸ್ಸುಗಳು ತೊರವಿ, ಟಿಕೋಟಾ ದಾಟಿ ಬಬಲೇಶ್ವರಕ್ಕೆ ಓಡುತ್ತಿದ್ದವು. ಯುದ್ಧದ ಕಾಲ. ಸರಕಾರದ ಚೀಟಿ ಇಲ್ಲದೆ ಹೊಸ ಟಾಯರು ಸಿಗುತ್ತಿರಲಿಲ್ಲ. ಇದ್ದ ಟಾಯರು ಬೂದಿಬಣ್ಣಕ್ಕೆ ತಿರುಗಿ ಸೀಳು ಬಿಟ್ಟಿದ್ದವು.

"ಲೇ ರಾಯ್ಯಾ, ಕರಿ ಹಚ್ಚೂದು ನಿಮ್ಮ ಕುಲದ ಕಸಬು. ಕಾರಿನ ಗಾಲಿ ಮಿಂಚಸು ನೋಡೋಣ. ದೊಡ್ಡ ಸಾಹೇಬರ ಬಂಗ್ಲೇಕ ಹೋಗೂದೈತಿ" ಅಂದ ಸಾವಕಾರ.

ಶೆಡ್ಡಿನವರು ಮೊದಲೇ ಒಂದಷ್ಟು ಪ್ರಯೋಗ ಮಾಡಿ ಕೈಸುಟ್ಟುಕೊಂಡಿದ್ದರು. ಇಂಜಿನ್ನಿನ ಸುಟ್ಟ ಎಣ್ಣೆ ಹಚ್ಚಿದರೆ ತೊರವಿ ಮುಟ್ಟುವಷ್ಟರಲ್ಲಿ ಧೂಳು ಮೆತ್ತಿ ಗಾಲಿ ಹಿಟ್ಟಿನಲ್ಲಿ ಹೊರಳಿದಂತಾಗುತ್ತಿತ್ತು. ಬೂಟ್ ಪಾಲಿಶ್ ಬಿಸಿಲಿಗೆ ಹಕ್ಕಳೆಯೆದ್ದು ಉದುರಿತು. ಯಾರೋ ಜಾಣ ಬೆಲ್ಲದ ನೀರಿಗೆ ಮಸಿ ಕಲಸಿ ಬಳಿದ. ಊರ ನೊಣವೆಲ್ಲ ಕಾರಿನ ಬೆನ್ನು ಹತ್ತಿದವು.

ರಾಯಪ್ಪ ಔಡಲ ಎಣ್ಣೆ, ದೀಪದ ಮಸಿ, ಚೂರು ಜೇನುಮೇಣ ಕೂಡಿಸಿ ಬಿಸಿ ಮಾಡಿದ. ಗಾಲಿಯನ್ನು ಅಂಟವಾಳದ ನೀರಿನಲ್ಲಿ ತೊಳೆದು ಒಣಗಿಸಿದ. ಅರಿವೆಯಿಂದ ತೆಳ್ಳಗೆ ಉಜ್ಜಿ, ನೆರಳಲ್ಲಿ ಬಿಟ್ಟು, ಒಣ ಅರಿವೆಯಿಂದ ಮತ್ತೆ ಒರೆಸಿದ. ನೆಲ ಮುಟ್ಟುವ ಮೈಗೆ ಮಾತ್ರ ಒಂದು ಹನಿಯೂ ತಾಗಗೊಡಲಿಲ್ಲ. ತಾಗಿದರೆ ಗಾಲಿ ಜಾರುತ್ತದೆ ಎಂಬ ತಿಳಿವಳಿಕೆ ಅವನಿಗಿತ್ತು.

ಟಾಯರು ಎಮ್ಮೆಯ ಕೋಡಿನಂತೆ ಹೊಳೆದವು. ಸಾವಕಾರ ಬಗ್ಗಿ ಬೆರಳಾಡಿಸಿದ. ಬಗ್ಗಿದವನು ಬಹಳ ಹೊತ್ತು ಏಳಲೇ ಇಲ್ಲ.

"ಇಲ್ಲಿ ಸೀಳಿದ್ದುವಲ್ಲೋ, ಎಲ್ಲಿ ಹೋದುವು?"

"ಮೇಣ ಕುಡದು ಮುಚ್ಚ್ಯಾವ್ರಿ ಯಪ್ಪಾ."

ಸಾವಕಾರ ಎದ್ದು ನಿಂತ. ನಗಲಿಲ್ಲ, ಶಾಬಾಸ್ ಅನ್ನಲಿಲ್ಲ. ಬಸ್ಸು ನಿಂತ ಕಡೆ ನೋಡಿದ. "ನಾಳಿಂದ ಅದರ ಗಾಲಿಗೆ ಹಚ್ಚು" ಅಂದ.

ಬಸ್ಸಿನ ಮುಂದಿನ ಎಡಗಾಲಿಯಲ್ಲಿ ಉಗುರು ಇಳಿಯುವಷ್ಟು ಸೀಳುಗಳಿದ್ದವು. ಒಳಗಿನ ನೂಲು ಕಾಣುತ್ತಿತ್ತು. ಬಸ್ಸು ಪರೀಕ್ಷಿಸಿ ಪಾಸು ಮಾಡುವ ಸರಕಾರಿ ಸಾಹೇಬ ಆ ವಾರವೇ ಬರುವವನಿದ್ದ. ಅದರ ಡ್ರೈವರ್ ಮೆಹಬೂಬ ಎರಡು ಸಲ ಸಾವಕಾರನ ಎದುರು ನಿಂತು, "ಇದು ಓಡೂ ಗಾಲಿ ಅಲ್ರಿ" ಅಂದಿದ್ದ. "ನೀ ಇಳಿ. ಸ್ಟೇರಿಂಗ್ ಹಿಡಿಯಾಕ ಹತ್ತು ಮಂದಿ ಕಾಯಾಕತ್ತಾರ" ಎಂಬ ಉತ್ತರ ಸಿಕ್ಕಿತ್ತು.

ರಾಯಪ್ಪ ತಪ್ಪಿದ್ದು ಇಲ್ಲಿ. ಒಣಗಿ ಬಿರಿದ ಚರ್ಮಕ್ಕೆ ಎಣ್ಣೆ, ಮೇಣ ಕುಡಿಸಿದರೆ ಅದು ಮೆತ್ತಗಾಗಿ ಮತ್ತೆರಡು ವರ್ಷ ಬಾಳುತ್ತದೆ. ಅವನ ಅಪ್ಪ, ಅಜ್ಜ ಬದುಕಿದ್ದೇ ಆ ವಿದ್ಯೆಯಿಂದ. ರಬ್ಬರೂ ಹಾಗೇ ಎಂದು ಅವನು ತಿಳಿದ. ಮೂರು ದಿನ ಕೂತು ಎಲ್ಲ ಗಾಲಿಗಳ ಒಂದೊಂದು ಸೀಳಿಗೂ ಬಿಸಿ ಮೇಣ ಉಣಿಸಿದ.

"ಏನಲೇ ರಾಯ್ಯಾ, ಬಾಣಂತಿ ಆರೈಕಿ ಮಾಡಿದಂಗ ಮಾಡಾಕತ್ತೀಯಲ್ಲ. ಇದೇನು ಎಮ್ಮಿ ಚರ್ಮಾನ?" ಎಂದು ಮೆಹಬೂಬ ಛೇಡಿಸಿದ.

"ಎಣ್ಣಿ ಕುಡದ್ರ ಎಲ್ಲಾ ಬದಕತಾವ ಮೆಹಬೂಬಣ್ಣ. ನೀ ಅಂಜಬ್ಯಾಡ, ಹೊಡಿ."

ಮೆಹಬೂಬ ಗಾಲಿಯನ್ನು ನೋಡಿದ, ಇವನ ಮುಖ ನೋಡಿದ. "ಆತು. ಸಾವಕಾರನ ಮಾತು ನಂಬಾಂಗಿಲ್ಲ, ನಿನ್ನ ಮಾತು ನಂಬತೇನಿ."

ಸಾಹೇಬ ಬಂದ. ಕೈಯ ಬೆತ್ತದಿಂದ ಗಾಲಿಯನ್ನೊಮ್ಮೆ ತಟ್ಟಿದ. ಸಾವಕಾರನ ಕಾರಿನಲ್ಲೇ ಊಟಕ್ಕೆ ಹೋದ. ಬಸ್ಸು ಪಾಸಾಯಿತು.

ಎಂಟನೆಯ ದಿನ ಮುಂಜಾನೆ, ಟಿಕೋಟಾ ಬಿಟ್ಟು ಬಬಲೇಶ್ವರದ ದಾರಿ ಹಿಡಿದ ಸ್ವಲ್ಪ ಹೊತ್ತಿಗೆ ಆ ಎಡಗಾಲಿ ಸಿಡಿಯಿತು. ಬಸ್ಸು ರಸ್ತೆ ಬಿಟ್ಟು ತಗ್ಗಿಗೆ ಇಳಿದು ಬೇವಿನ ಮರಕ್ಕೆ ಬಡಿಯಿತು. ಮಗಳ ಊರಿಗೆ ಹೊರಟಿದ್ದ ಟಿಕೋಟಾದ ಶಂಕ್ರೆವ್ವ ಕೂತಲ್ಲೇ ಸತ್ತಳು. ಮೆಹಬೂಬನ ಎರಡೂ ಕಾಲು ಮುರಿದವು; ಅವನನ್ನು ಚಕ್ಕಡಿಯಲ್ಲಿ ದವಾಖಾನೆಗೆ ಒಯ್ದರು.

ಮಧ್ಯಾಹ್ನಕ್ಕೆ ಸಾವಕಾರನ ಕಾರು ಇಬ್ರಾಹಿಂಪುರದ ಓಣಿಯಲ್ಲಿ ನಿಂತಿತು. ಹಿಂದೆಂದೂ ಅದು ಆ ಓಣಿಗೆ ಬಂದಿರಲಿಲ್ಲ.

"ಕರಿ ಡಬ್ಬಿ ತಗೊಂಡು ಹತ್ತು."

ಹತ್ತು ಅಂದದ್ದು ಒಳಗಲ್ಲ. ರಾಯಪ್ಪ ಬಾಗಿಲ ಹೊರಗಿನ ಪಟ್ಟಿಯ ಮೇಲೆ ಒಂದು ಕಾಲೂರಿ, ಒಂದು ಕೈಯಲ್ಲಿ ಡಬ್ಬಿ ಹಿಡಿದು ಜೋತುಬಿದ್ದ. ಅವನು ಮಿಂಚಿಸಿದ ಗಾಲಿಯ ಕಾರಿನೊಳಗೆ ಅವನ ಮೈ ತಾಗಕೂಡದು. ಸಾವಕಾರ ಕಿಟಕಿಯಿಂದಲೇ ಹೇಳುತ್ತ ಹೋದ.

"ಒಡದದ್ದನ್ನ ತಗಿಸಿ ಬ್ಯಾರೇದು ಹಾಕಿಸೇನಿ. ಉಳದಾವು ಧೂಳಾಗಿ ಸೀಳು ಕಾಣಾಕತ್ತಾವು. ಪೋಲೀಸ್ ಫೌಜದಾರ ಪಂಚನಾಮಕ್ಕ ಬರೂದ್ರಾಗ ಕರಿ ಹಚ್ಚಿ ಮುಗಸು. ತಪ್ಪು ಡ್ರೈವರಂದು. ಕುಡದಿದ್ದ."

"ಮೆಹಬೂಬ ಕುಡಿಯಾಂಗಿಲ್ರಿ."

"ಪಂಚನಾಮದಾಗ ಕುಡದಾನ."

ರಾಯಪ್ಪನ ಕೈ ಡಬ್ಬಿಯ ಮೇಲೆ ಬಿಗಿಯಾಯಿತು. ಸಾವಕಾರ ಅದನ್ನು ನೋಡಿದ. "ಒಲ್ಲೆ ಅಂದೀಯೋ, ನಿನ್ನ ಎಣ್ಣೀನೇ ಟಾಯರ್ ತಿಂತು ಅಂತ ಬರಸತೇನಿ. ಅಂವ ಇಲ್ಲಂದ್ರ ನೀ. ಜೇಲಿಗೆ ಒಬ್ಬಾಂವ ಬೇಕು" ಅಂದ.

ಬೇವಿನ ಕೆಳಗೆ ಶಂಕ್ರೆವ್ವನ ಹೆಣಕ್ಕೆ ಕೌದಿ ಹೊದಿಸಿದ್ದರು. ಪಂಚನಾಮವಾಗದೆ ಎತ್ತುವಂತಿಲ್ಲ ಎಂದು ಪೋಲೀಸಪ್ಪ ಕಾವಲು ಕೂತಿದ್ದ. ಅವಳ ಅಕ್ಕ ಮುರಿಗೆವ್ವ ಕೌದಿಯ ಮೇಲಿನ ನೊಣ ಹೊಡೆಯುತ್ತಿದ್ದಳು. ಸುತ್ತ ಟಿಕೋಟಾದ ಮಂದಿ.

ರಾಯಪ್ಪ ಉಳಿದ ಗಾಲಿಯೊಂದರ ಮುಂದೆ ಕುಕ್ಕರಗಾಲಲ್ಲಿ ಕೂತ.

"ಏನು ಹಚ್ಚಾಕ ಬಂದೀಯಪ್ಪಾ?" ಮುರಿಗೆವ್ವ ಕೇಳಿದಳು.

ರಾಯಪ್ಪ ಡಬ್ಬಿಯನ್ನು ನೆಲಕ್ಕಿಟ್ಟ. ಮೆಹಬೂಬ ನಂಬಿದ್ದು ತನ್ನ ಮಾತನ್ನು. ಆ ಮಾತು ಈಗ ಕೌದಿಯ ಕೆಳಗೆ ಮಲಗಿತ್ತು. ಇನ್ನೊಂದು ಕೈ ಕರಿ ಬಳಿದರೆ ಕಾಲು ಮುರಿದವನು ಜೇಲಿಗೆ ಹೋಗುತ್ತಾನೆ. ಬಳಿಯದಿದ್ದರೆ ತಾನು.

"ಯವ್ವಾ, ಒಂದು ಕೊಡ ನೀರು ಕೊಡಸ್ರಿ. ಒಂದೀಟು ಬೂದಿ."

ಸಾವಕಾರ ಕಾರಿನಲ್ಲಿ ಕೂತು ಅಡಕಿ ಅಗಿಯುತ್ತಿದ್ದ. ಹಚ್ಚುವ ಮೊದಲು ತೊಳೆಯುವುದು ಇವನ ರೂಢಿ ಎಂದು ಸುಮ್ಮನಿದ್ದ. ರಾಯಪ್ಪ ಬೂದಿ ಹಾಕಿ ತಿಕ್ಕಿದ. ಉಗುರಿನಿಂದ ಮೇಣ ಕಿತ್ತ. ಒಂದು ಸೀಳು ಬಾಯಿ ಬಿಟ್ಟಿತು. ಮತ್ತೊಂದು. ಒಳಗಿನ ನೂಲು ಹೊರಬಿತ್ತು. ಅವನು ಎದ್ದು ನಿಂತು ಕೂಗಿದ.

"ಬರ್ರಿ! ಬಂದು ಬಟ್ಟು ಇಟ್ಟು ನೋಡ್ರಿ! ಇದಕ್ಕ ಕರಿ ಹಚ್ಚಿದಾಂವ ನಾನು. ಗಾಲಿ ಗಟ್ಟ್ಯಾತು ಹೊಡಿ ಅಂತ ಮೆಹಬೂಬಗ ಹೇಳಿದಾಂವ ನಾನು. ಸೀಳು ಮುಚ್ಚಿಸಿ ಪಾಸು ಮಾಡಿಸಿದಾಂವ ಅಲ್ಲಿ ಕಾರಿನ್ಯಾಗ ಕುಂತಾನ!"

ಮಂದಿ ಅಲುಗಲಿಲ್ಲ. ಸಮಗಾರ ಮುಟ್ಟಿದ ಗಾಲಿ. ಹೆಣ ಬಿದ್ದ ಹೊತ್ತಿನಲ್ಲೂ ಆ ಅಳುಕು ಅವರ ಕಾಲು ಹಿಡಿದಿತ್ತು. ಥೂ, ಅವರ ಮಡಿಗೆ!

ಮುರಿಗೆವ್ವ ಎದ್ದಳು. ನೆಟ್ಟಗೆ ಬಂದು ಸೀಳಿನಲ್ಲಿ ಬೆರಳಿಟ್ಟಳು. ಮೊದಲ ಗೆಣ್ಣಿನವರೆಗೂ ಒಳಗೆ ಹೋಯಿತು. "ನನ್ನ ತಂಗಿ ಇದರ ಮ್ಯಾಲ ಕುಂತು ಹೊಂಟಿದ್ಳೇನೋ ಹಾಟ್ಯಾ!" ಎಂದು ಕಾರಿನ ಕಡೆ ತಿರುಗಿದಳು. ಆಮೇಲೆ ಒಬ್ಬೊಬ್ಬರಾಗಿ ಬಂದರು. ಬೆರಳಿಟ್ಟರು.

"ಏನು ಮಾಡಾಕತ್ತೀಲೇ!" ಸಾವಕಾರ ಓಡಿಬಂದ.

"ತೊಳ್ಯಾಕತ್ತೇನ್ರಿ."

ಫೌಜದಾರ ಬಂದವನು ಹೆಣ ನೋಡಲಿಲ್ಲ, ಗಾಲಿ ನೋಡಲಿಲ್ಲ. ಸಾವಕಾರನ ಜೊತೆ ಕಾರಿನ ಹಿಂದೆ ಹೋಗಿ ಮಾತಾಡಿ ಬಂದ. ಕೂತು ಬರೆದ. ಬರೆದದ್ದನ್ನು ಓದಿದ: ಚಾಲಕ ಕುಡಿದಿದ್ದ, ಕೂಲಿಯವನು ಎಣ್ಣೆ ಹಚ್ಚಿ ಗಾಲಿ ಕೆಡಿಸಿದ್ದ. ಇಬ್ಬರದೂ ತಪ್ಪು.

"ಐದು ಮಂದಿ ಪಂಚರು ಬರ್ರಿ, ಹೆಬ್ಬಟ್ಟು ಒತ್ತರಿ."

ಯಾರೂ ಬರಲಿಲ್ಲ.

"ಒತ್ತದಿದ್ರ ಹೆಣ ಎತ್ತಗೊಡಾಂಗಿಲ್ಲ ನೋಡ್ರಿ."

ಮುರಿಗೆವ್ವ ಕೌದಿಯ ಅಂಚು ಸರಿಪಡಿಸಿದಳು. "ಗಾಲಿದು ಬರೀರಿ. ನಾವು ಬಟ್ಟು ಇಟ್ಟು ನೋಡಿದ್ದು ಬರೀರಿ. ಆಮ್ಯಾಲ ಒತ್ತತೇವಿ. ಅಲ್ಲೀತನಾ ನನ್ನ ತಂಗಿ ಇಲ್ಲೇ ಇರ್ತಾಳ."

ಫೌಜದಾರ ಸಿಟ್ಟಿನಿಂದ ರಾಯಪ್ಪನ ಕೈಗೆ ಬೇಡಿ ಹಾಕಿಸಿದ. ಬೇಡಿ ಹಾಕಿದ್ದೇನೋ ಆಯಿತು. ಕರೆದೊಯ್ಯಲು ದಾರಿ ಇರಲಿಲ್ಲ. ಗಂಡಸರು, ಹೆಂಗಸರು ಅವನ ಸುತ್ತ, ಬಸ್ಸಿನ ಸುತ್ತ ಕೂತುಬಿಟ್ಟಿದ್ದರು. ಟಿಕೋಟಾದ ಕಡೆಯಿಂದ ಇನ್ನೂ ಮಂದಿ ಬರುತ್ತಿದ್ದರು.

ಪೋಲೀಸರನ್ನು ತುಂಬಿ ತರಲು ಸಾವಕಾರನ ಕಾರು ಧೂಳೆಬ್ಬಿಸಿ ವಿಜಾಪುರಕ್ಕೆ ಹೊರಟಿತು.

ಯಾರೂ ಏಳಲಿಲ್ಲ.