ಹಿಂದಿನ ಗಾಜಿನ ಕೆಂಪಕ್ಷರ

ತನ್ನ ಡ್ರೈವಿಂಗ್ ಸ್ಕೂಲ್ ಮುಚ್ಚಿದ ಮೇಲೆ ಮಾವ ಅದರ ಹಳೆಯ ಕಾರನ್ನು ಅಕ್ಕನ ಮಗಳಿಗೆ ಕೊಟ್ಟ. ಅವಳು ಕಲಿತದ್ದೂ ಅದರಲ್ಲೇ. ಬಾಗಿಲ ಮೇಲೂ ಹಿಂದಿನ ಗಾಜಿನ ಮೇಲೂ ಅಂಟಿಸಿದ್ದ ಸ್ಕೂಲಿನ ಹೆಸರಿನ ಕೆಂಪಕ್ಷರಗಳನ್ನು ತೆಗೆಯಲು ಮಾತ್ರ ಅವಳಿಗೆ ಮನಸ್ಸು ಬರಲಿಲ್ಲ. ಅವನ್ನು ಕಂಡರೆ ಲಾರಿಗಳೂ ದೂರ ಸರಿಯುತ್ತಿದ್ದವು. ಅವಳು ತಡವರಿಸಿದರೆ ಯಾರೂ ಗದರುತ್ತಿರಲಿಲ್ಲ. ಅಕ್ಷರ ಹೋದರೆ ಸ್ಟಿಯರಿಂಗ್ ಹಿಡಿಯುವ ಧೈರ್ಯವೂ ಹೋದೀತೆಂಬ ಅಳುಕು ಅವಳದು.

ಭಾನುವಾರ ಮಾವನೇ ಹೇರ್ ಡ್ರೈಯರ್ ಹಿಡಿದು ಬಂದ.

“ಇನ್ನೊಂದು ತಿಂಗಳು ಇರಲಿ ಮಾವ.”

“ಇನ್ನೂ ಎಷ್ಟು ತಿಂಗಳಮ್ಮ? ನಿನಗೆ ಕಲಿಸಿದ್ದು ನಾನು. ಹೆಸರು ಕೆಟ್ಟರೆ ನಂದೇ ಕೆಡಲಿ ಬಿಡು.”

ಬಿಸಿಗಾಳಿಗೆ ಅಂಟು ಮೆತ್ತಗಾಯಿತು. ಮಾವ ಮೊದಲ ಅಕ್ಷರದ ತುದಿಯನ್ನು ಉಗುರಿನಿಂದ ಎಬ್ಬಿಸಿ ಅವಳ ಕೈಗೆ ಕೊಟ್ಟ. ಅವಳು ಮೆಲ್ಲಗೆ ಎಳೆದಳು. ಬಾಗಿಲಲ್ಲಿ ಅಕ್ಷರ ಹೋದ ಕಡೆ ಬಣ್ಣ ಬಿಸಿಲು ಕಾಣದೆ ಹೊಸದಾಗಿಯೇ ಉಳಿದಿತ್ತು. ಆ ಅಕ್ಷರವನ್ನು ಇನ್ನೂ ಓದಬಹುದಿತ್ತು.

“ಈ ಗುರುತು ಹೋಗಲ್ವಾ?” ಅವಳ ದನಿಯಲ್ಲಿ ಆಸೆಯಿತ್ತು.

“ಮೂಗು ತಾಗಿಸಿದವರಿಗೆ ಮಾತ್ರ ಕಾಣುತ್ತೆ. ಲಾರಿಯವನು ಅಷ್ಟು ಹತ್ತಿರ ಬಂದ ಅಂದ್ರೆ, ಓದೋಕಂತೂ ಬಂದಿರಲ್ಲ.”

ಅವಳಿಗೆ ನಗು ತಡೆಯಲಾಗಲಿಲ್ಲ. ಉಳಿದ ಅಕ್ಷರಗಳನ್ನು ತಾನೇ ಕಿತ್ತಳು.

ಸಂಜೆ ಒಬ್ಬಳೇ ಹೊರಟಳು. ಸಿಗ್ನಲ್ ಹಸಿರಾದಾಗ ಅವಳು ಅರೆಗಳಿಗೆ ತಡಮಾಡಿದಳು. ಹಿಂದಿನವನು ಎಲ್ಲರಿಗೂ ಹೊಡೆಯುವಂತೆಯೇ ಅವಳಿಗೂ ಜೋರಾಗಿ ಹಾರ್ನ್ ಹೊಡೆದ. ಅವಳು ಕ್ಲಚ್ ಮೆಲ್ಲಗೆ ಬಿಟ್ಟಳು, ಎಂಜಿನ್ ಆಫ್ ಆಗಲಿಲ್ಲ. ಮನೆಗೆ ಹೋಗುವ ತಿರುವು ಬಂದಾಗ ಅವಳು ತಿರುಗಿಸದೆ ನೇರ ಹೋದಳು.