ಬಾಣಂತಿಯ ಬಾಯಾರಿಕೆ

ಕದ್ದು ನೀರು ತಂದುಕೊಡುತ್ತಿರುವವರು ಯಾರು? ಮಾಳಮ್ಮನೋ, ಪಕ್ಕದ ಮನೆಯ ರಾಜೇಶ್ವರಮ್ಮನೋ? ಇಲ್ಲಾ, ಅಮ್ಮನಿಗೇ ಭ್ರಮೆಯೋ? ಗೊಬ್ಬರದ ಅಂಗಡಿ ತೆರೆಯಲು ಹೊರಡಬೇಕಾದ ಮಹಾಂತೇಶ, ಬಾಣಂತಿ ಕೋಣೆಯ ಸದ್ದಿಗೆ ಕಿವಿಗೊಟ್ಟು ನಡುಮನೆಯಲ್ಲೇ ನಿಂತಿದ್ದ.

"ನಿನ್ನ ಹೆಂಡ್ತಿ ಕದ್ದು ನೀರು ಕುಡೀತಾಳೆ ಕಣೋ," ಎಂದು ತಾಯಿ ನಿರ್ಮಲಮ್ಮ ಬೆಳಗ್ಗೆಯೇ ಪಿಸುಗುಟ್ಟಿದ್ದಳು. "ತುಟಿ ನೋಡು, ಒದ್ದೆ ಇರುತ್ತೆ. ಯಾರೋ ತಂದುಕೊಡ್ತಿದಾರೆ. ಒಂದು ಕಣ್ಣಿಟ್ಟಿರು."

ಶಿಕಾರಿಪುರದ ಆ ಮನೆಯಲ್ಲಿ ಬಾಣಂತಿಗೆ ಬಾಯಾರಿದಾಗಲೆಲ್ಲ ನೀರು ಕೊಡುವ ಪದ್ಧತಿ ಇಲ್ಲ. ಹೆತ್ತ ಹೊಟ್ಟೆ ಹಸಿ ಹುಣ್ಣು, ನೀರು ಸೇರಿದರೆ ಉಬ್ಬುತ್ತದೆ ಎಂಬುದು ನಿರ್ಮಲಮ್ಮನ ಅತ್ತೆಯ ಕಾಲದಿಂದ ಬಂದ ಮಾತು. ಬೆಳಗ್ಗೆ ಸಣ್ಣ ಲೋಟದಲ್ಲಿ ಕಾಯಿಸಿದ ನೀರು. ಊಟಕ್ಕೆ ಮೆಣಸು, ಬೆಳ್ಳುಳ್ಳಿ ಅರೆದು ಕಲಸಿದ ಅನ್ನ. ಸೊಪ್ಪು ತಿಂದರೆ ಮಗುವಿಗೆ ಭೇದಿ. ಮೊಸರು, ಹಣ್ಣು ಶೀತ. ಬೇಳೆ ವಾಯು. ತಾಯಿಯಿಲ್ಲದ ಸೌಂದರ್ಯಳಿಗೆ ಅತ್ತೆಯೇ ಬಾಣಂತನ ಮಾಡುತ್ತಿದ್ದಳು. ನಿರ್ಮಲಮ್ಮ ಕೆಟ್ಟವಳಲ್ಲ. ಸೊಸೆಯ ಅನ್ನಕ್ಕೆ ತುಪ್ಪ ಸುರಿಯುವಾಗ ಕೈ ಹಿಡಿದವಳೂ ಅಲ್ಲ. ನೀರಿನ ಮಾತು ಬಂದರೆ ಮಾತ್ರ ಕಲ್ಲಾಗುತ್ತಿದ್ದಳು.

ಇದು ಸರಿಯೇ ಎಂದು ಯೋಚಿಸುವುದಕ್ಕಿಂತ ಕಳ್ಳರು ಯಾರು ಎಂದು ಯೋಚಿಸುವುದು ಎಂ.ಕಾಂ. ಓದಿದ ಮಹಾಂತೇಶನಿಗೆ ಸುಲಭವಾಗಿತ್ತು. ಬಾಣಂತಿಗೂ ಮಗುವಿಗೂ ಎರೆಯಲು ಬರುತ್ತಿದ್ದ ಮಾಳಮ್ಮನ ಚೀಲವನ್ನು ಒಮ್ಮೆ ಮುಟ್ಟಿ ನೋಡಿದ. ಎಲೆ ಅಡಿಕೆ ಬಿಟ್ಟು ಏನೂ ಇರಲಿಲ್ಲ. ರಾಜೇಶ್ವರಮ್ಮ ಮಗುವನ್ನು ನೋಡಲು ಬಂದರೆ ಅವಳ ಸೆರಗಿನ ಮರೆಯನ್ನೇ ದಿಟ್ಟಿಸಿದ.

ಒಂದು ದಿನ ಎರೆದಾದ ಮೇಲೆ ಮಾಳಮ್ಮ ಮಗುವನ್ನೆತ್ತಿಕೊಂಡು ಹೊರಬಂದಳು. ಬಚ್ಚಲಿನ ಬಾಗಿಲು ಓರೆಯಾಗಿತ್ತು; ಮಹಾಂತೇಶ ಇಣುಕಿದ. ಒಳಗೆ ಸೌಂದರ್ಯ ಮಗುವಿಗೆ ಎರೆದು ಉಳಿದ ಬಕೆಟ್ಟಿನ ನೀರನ್ನು ಬೊಗಸೆಯಲ್ಲಿ ಮೊಗೆದು ಕುಡಿಯುತ್ತಿದ್ದಳು. ನಲ್ಲಿ ಬಿಟ್ಟರೆ ಅತ್ತೆಗೆ ಕೇಳುತ್ತದೆಂದು ಅದನ್ನು ಮುಟ್ಟದೆ, ಗುಟುಕಿನ ಸದ್ದೂ ಆಗದಂತೆ ನುಂಗುತ್ತಿದ್ದಳು. ನೀರಿನ ಮೇಲೆ ಸೀಗೆಯ ನೊರೆ ತೇಲುತ್ತಿತ್ತು. ತಲೆಯೆತ್ತಿದಳು, ಕಣ್ಣು ಕಣ್ಣು ಸೇರಿದವು. ಮಹಾಂತೇಶ ಹಿಂದೆ ಸರಿದ.

ಆ ಮಧ್ಯಾಹ್ನವೇ ನಿರ್ಮಲಮ್ಮ ಮಾಳಮ್ಮನನ್ನು ನಿಲ್ಲಿಸಿಕೊಂಡಳು. "ನಾಳೆಯಿಂದ ಬರಬೇಡ."

"ಯಾಕ್ರೀ ಅಮ್ಮಾರೆ? ನಾ ಏನ್ ಮಾಡೀನಿ?"

"ನೀರು ಕೊಡ್ತಿರೋಳು ನೀನೇ."

"ಕೇಳಿದ್ರೆ ಕೊಡ್ತಿದ್ದೆ, ಸುಳ್ಳ್ಯಾಕೆ ಹೇಳ್ಲಿ? ಆಕಿ ಕೇಳಲೇ ಇಲ್ಲ." ಮಾಳಮ್ಮ ಚೀಲ ಎತ್ತಿಕೊಂಡಳು. "ನಮ್ಮ ಹಟ್ಟ್ಯಾಗೆ ಈದ ಕುರಿಗೂ ಮೊದಲು ನೀರು ಇಡ್ತೀವಿ ಬಿಡ್ರಿ."

ಮಹಾಂತೇಶ ಮೊಬೈಲ್ ನೋಡುತ್ತಾ ಕೂತಿದ್ದ.

ವಾರ ಕಳೆಯುವುದರೊಳಗೆ ಸೌಂದರ್ಯಳಿಗೆ ಉರಿಮೂತ್ರ, ಚಳಿಜ್ವರ. ಎದೆಹಾಲು ಕಡಿಮೆಯಾಯಿತು. ಮಗುವಿನ ಬಟ್ಟೆ ಒದ್ದೆಯಾಗುವುದೂ ಅಪರೂಪವಾಯಿತು. ಅದರ ಅಳು ದಿನದಿಂದ ದಿನಕ್ಕೆ ಸಣ್ಣಗಾಗುತ್ತಿತ್ತು. "ಯಾರದೋ ದೃಷ್ಟಿ," ಎಂದಳು ನಿರ್ಮಲಮ್ಮ.

ಭಾನುವಾರ ಸೊರಬದಿಂದ ಮಹಾಂತೇಶನ ತಂಗಿ ಶೃತಿ ಬಂದಳು. ಅಲ್ಲಿ ಶಾಲೆಯ ಟೀಚರ್ ಅವಳು. ಮಗುವಿನ ಬಾಯಿಗೆ ಬೆರಳಿಟ್ಟು ನೋಡಿದಳು. "ಬಾಯಿ ಒಣಗಿದೆ. ಅತ್ತಿಗೆಗೆ ನೀರೇ ಕೊಡದೆ ಹಾಲು ಎಲ್ಲಿಂದ ಬರಬೇಕಮ್ಮಾ?"

"ನಿನ್ನ ಬಾಣಂತನದಲ್ಲೂ ಹೀಗೇ ಮಾಡಿದ್ದೆ. ಸತ್ತೆಯೇನು?"

"ಸಾಯಲಿಲ್ಲ. ಹಾಲು ಬತ್ತಿತು. ಡಬ್ಬಿ ಹಾಲು ಹಾಕಿದ್ವಿ. ಎದೆ ಒಣಗಿದವಳು ಅಂತ ನಮ್ಮತ್ತೆ ಇವತ್ತಿಗೂ ಆಡ್ತಾರೆ. ಲಿಂಗ ಕಟ್ಟಿಕೊಂಡವರಿಗೆ ಹೆತ್ತ ಸೂತಕವೂ ಇಲ್ಲ ಅಂತೀಯ, ಬಾಯಾರಿಕೆಗೆ ಮಾತ್ರ ಇದ್ಯಾವ ಶಾಸ್ತ್ರ?"

"ಶಾಸ್ತ್ರ ಅಲ್ಲ ಕಣೇ, ಅನುಭವ! ನನ್ನ ಅತ್ತೆ ಒಂದು ಹನಿ ಹೆಚ್ಚು ಕೊಡಲಿಲ್ಲ. ಇಬ್ಬರನ್ನು ಹೆತ್ತೆ, ಗಟ್ಟಿಯಾಗಿಲ್ವಾ?"

"ಆಗ ನಿನಗೆ ಬಾಯಾರ್ತಿರಲಿಲ್ವಾ ಅಮ್ಮಾ?"

ತಲೆಗೆ ಬಟ್ಟೆ ಕಟ್ಟಿದ್ದ ಸೌಂದರ್ಯ ಗೋಡೆ ಹಿಡಿದುಕೊಂಡು ಕೋಣೆಯಿಂದ ಬಂದಳು. ಯಾರನ್ನೂ ಕೇಳದೆ ಅಡುಗೆಮನೆಗೆ ಹೋಗಿ ಕೊಡದಿಂದ ಚೊಂಬು ತುಂಬಿಕೊಂಡಳು. ಎಲ್ಲರೆದುರು ನಿಂತು, ಗಟಗಟನೆ ಸದ್ದಾಗುವಂತೆ ಕುಡಿದಳು. ಇನ್ನೊಂದು ಚೊಂಬನ್ನೂ ಕುಡಿದಳು.

"ಅತ್ತೆ, ಇನ್ನು ಬಾಯಾರಿದಾಗ ಕುಡೀತೀನಿ. ಮನೆಯವರು ಉಣ್ಣೋ ಸೊಪ್ಪು, ಬೇಳೆ ನನಗೂ ಬೇಕು. ಈಗ ಶೃತಿ ಜೊತೆ ಮಗೂನ ಕರ್ಕೊಂಡು ಆಸ್ಪತ್ರೆಗೆ ಹೋಗ್ತೀನಿ. ಮಾಳಮ್ಮನ ಮೇಲೆ ಸುಮ್ಮನೆ ಹೊರಿಸಿದಿರಿ. ನಾನು ಕುಡಿದಿದ್ದು ಬಚ್ಚಲ ನೀರು. ನಿಮ್ಮ ಮಗ ಕಣ್ಣಾರೆ ನೋಡಿದಾರೆ."

ನಿರ್ಮಲಮ್ಮ ಮಗನ ಕಡೆ ತಿರುಗಿದಳು. "ಹೌದೇನೋ?"

ಮಹಾಂತೇಶ ತಲೆ ತಗ್ಗಿಸಿದ. ಶೃತಿ ಮಗುವಿಗೆ ಟೋಪಿ ಹಾಕಿದಳು. ಹೆಂಗಸರಿಬ್ಬರೂ ಅವನ ಮುಂದೆಯೇ ಹಾದು ಹೊರಗೆ ಆಟೋ ಹತ್ತಿದರು.

ಅವಳಿಗೆ ನೀರು ಕೊಡಮ್ಮಾ ಎಂದು ಅವನು ಒಂದು ದಿನವೂ ಹೇಳಿರಲಿಲ್ಲ.