ತಪ್ಪು ಮಾಡಲು ಹೆದರಿದ ಹುಡುಗಿ

ಸಂಜೆಯಾದರೆ ಟೈಲರಮ್ಮನ ಅಂಗಡಿಯಲ್ಲಿ ಉಸಿರಾಡಲೂ ಪುರಸೊತ್ತಿಲ್ಲ. ಒಂದು ಕಡೆ ಶಾಲೆಯ ಸಮವಸ್ತ್ರಗಳ ರಾಶಿ, ಇನ್ನೊಂದು ಕಡೆ "ಇವತ್ತು ಕೊಡ್ತೀನಿ ಅಂದಿದ್ರಲ್ಲಾ" ಎಂದು ಸೊಂಟಕ್ಕೆ ಕೈಯಿಟ್ಟು ನಿಂತ ಗಿರಾಕಿಗಳು. ಇಂಥ ಹೊತ್ತಿನಲ್ಲಿ, ಶಾಲೆಯಿಂದ ಬಂದು ಗುಂಡಿ ಹೊಲಿಯುವ ಮಗಳು "ಅಮ್ಮಾ, ನಾನು ಕೋಡಿಂಗ್ ಕಲೀಲಾ?" ಎಂದು ಕೇಳಿದರೆ ಯಾವ ತಾಯಿಗೆ ತಾನೇ ತಲೆ ಕೆಡುವುದಿಲ್ಲ?

"ಅದೇನೇ ಅದು?"

"ಕಂಪ್ಯೂಟರಿಗೆ ಹೀಗೆ ಮಾಡು, ಹಾಗೆ ಮಾಡು ಅಂತ ಬರೆದು ಹೇಳೋದು. ಲೈಬ್ರರಿ ಮಹಡೀಲಿ ಹೇಳಿಕೊಡ್ತಾರೆ. ದುಡ್ಡಿಲ್ಲ."

"ದುಡ್ಡಿಲ್ಲ ಅಂದ್ರೆ ಅದರಲ್ಲಿ ಏನೋ ಮಸಲತ್ತು ಇರುತ್ತೆ. ಸುಮ್ನೆ ಗುಂಡಿ ಹೊಲಿ."

ಮಗಳ ಮುಖ ಸಪ್ಪಗಾಯಿತು. ಈ ಹುಡುಗಿ ಸಾಮಾನ್ಯದವಳಲ್ಲ. ಹೊಲಿಗೆ ಯಂತ್ರ ಕಟಕಟ ಎಂದು ಮುನಿಸಿಕೊಂಡಾಗ ಅದರ ಹೊಟ್ಟೆ ಬಿಚ್ಚಿ, ಸಿಕ್ಕಿಕೊಂಡಿದ್ದ ದಾರದ ಚೂರು ತೆಗೆದು ಸರಿಮಾಡಿದವಳು. ಇದು ಟೈಲರಮ್ಮನಿಗೂ ಗೊತ್ತು. ಆದರೆ ಬಾಯಿಬಿಟ್ಟು ಹೊಗಳುವ ಪೈಕಿ ಅವಳಲ್ಲ.

ಅಳತೆ ಕೊಡಲು ಬಂದಿದ್ದ ಪಕ್ಕದ ಮನೆಯ ನರ್ಸಕ್ಕ ನಡುವೆ ಬಾಯಿ ಹಾಕಿದಳು.

"ಅಲ್ಲ ಕಣೇ, ನಿನ್ನ ಮಗಳಿಗೆ ಲಸಿಕೆ ಹಾಕಿದ್ದು ನಾನೇ. ಅದೂ ಬಿಟ್ಟಿನೇ. ಅದರಲ್ಲಿ ಯಾವ ಮಸಲತ್ತಿತ್ತು?"

ಟೈಲರಮ್ಮ ತುಟಿಯಲ್ಲಿ ಕಚ್ಚಿದ್ದ ಗುಂಡುಸೂಜಿ ತೆಗೆದಳು. "ಅದಿರಲಿ ಅಕ್ಕಾ, ನಮ್ಮನೇಲಿ ಕಂಪ್ಯೂಟರ್ ಎಲ್ಲಿದೆ?"

"ಯಾಕೆ ಬೇಕು? ಅಲ್ಲೇ ಇದೆ, ಅಲ್ಲೇ ಕೂತು ಕಲಿಯೋದು. ನಮ್ಮ ಮಾತಲ್ಲೇ ಹೇಳಿಕೊಡ್ತಾರೆ. ನನ್ನ ತಂಗಿ ಮಗಳು ಶಾಲೆ ಬಿಟ್ಟು ಮನೇಲಿದ್ದಳಲ್ಲ, ಅವಳನ್ನೂ ಸೇರಿಸ್ಕೊಂಡ್ರು."

"ಹೆಣ್ಣುಮಗು, ಬರೋ ಹೊತ್ತಿಗೆ ಕತ್ತಲಾಗುತ್ತೆ..."

"ನಮ್ಮ ಬೀದಿ ಹುಡುಗೀರೆಲ್ಲ ಒಟ್ಟಿಗೆ ಬರ್ತಾರೆ. ಅಷ್ಟು ಅನುಮಾನ ಇದ್ರೆ ನೀನೇ ಹೋಗಿ ನೋಡು. ಸೇರೋಕೆ ಇವತ್ತೇ ಕೊನೆ. ಉಳಿದಿರೋದು ಒಂದೇ ಜಾಗ, ತಡ ಮಾಡಿದ್ರೆ ಬೇರೆಯವರ ಪಾಲಾಗುತ್ತೆ."

ಗಿರಾಕಿಗಳ ಶಾಪ ಕಟ್ಟಿಕೊಂಡು ಟೈಲರಮ್ಮ ಅಂಗಡಿ ಬಾಗಿಲು ಎಳೆದು, ಮಗಳನ್ನು ಕರೆದುಕೊಂಡು ಹೊರಟಳು.

ಲೈಬ್ರರಿಯ ಮಹಡಿಯಲ್ಲಿ ಗೋಡೆಯುದ್ದಕ್ಕೂ ಹಳೆಯ ಕಂಪ್ಯೂಟರ್‌ಗಳು, ಒಂದರಂತೆ ಒಂದಿಲ್ಲದ ಕುರ್ಚಿಗಳು, ಮಕ್ಕಳ ಗಲಗಲ. ಅಲ್ಲಿ ಕಲಿಸುತ್ತಿದ್ದ ಟೀಚರ್, ಟೈಲರಮ್ಮನ ಮಗಳನ್ನು ಖಾಲಿ ಕುರ್ಚಿಯಲ್ಲಿ ಕೂರಿಸಿದರು. ಪರದೆಯ ಮೇಲೆ ಒಂದು ಪುಟ್ಟ ಆಮೆ. ಎಷ್ಟು ನಡೆಯಬೇಕು, ಎತ್ತ ತಿರುಗಬೇಕು ಎಂದು ಬರೆದು ಒಂದು ಕೀ ಒತ್ತಿದರೆ ಆಮೆ ಹಾಗೆಯೇ ನಡೆದು ಗೆರೆ ಎಳೆಯುತ್ತದೆ. ಅದರ ಕೈಯಲ್ಲಿ ಒಂದು ಚೌಕ ಬರೆಸಬೇಕು.

ಉಳಿದವರ ಆಮೆಗಳು ಅಡ್ಡಾದಿಡ್ಡಿ ಓಡತೊಡಗಿದವು. ಟೈಲರಮ್ಮನ ಮಗಳದು ಮಾತ್ರ ಕದಲಲಿಲ್ಲ. ಅವಳು ಬರೆದಿದ್ದನ್ನು ಓದುತ್ತಾಳೆ, ಗಾಳಿಯಲ್ಲಿ ಬೆರಳಾಡಿಸಿ ಅಳೆಯುತ್ತಾಳೆ, ಮತ್ತೆ ಓದುತ್ತಾಳೆ. ಕೀ ಒತ್ತುವುದೇ ಇಲ್ಲ.

"ಒತ್ತು ಪುಟ್ಟಾ," ಎಂದರು ಟೀಚರ್.

"ತಪ್ಪಾದ್ರೆ?" ಎಂದ ಮಗಳ ಕಣ್ಣು ತುಂಬಿತು. "ಅಮ್ಮಾ, ಇದು ನಂಗಾಗಲ್ಲ. ಮನೆಗೆ ಹೋಗೋಣ."

ಸದ್ಯ, ಅಂಗಡಿಗೆ ಮಗಳು ಉಳಿದಳು ಎಂದು ಟೈಲರಮ್ಮನಿಗೆ ಖುಷಿಯಾಗಬೇಕಿತ್ತು. ಆಗಲಿಲ್ಲ. ಕತ್ತರಿ ಇಡೋ ಮುಂಚೆ ಇನ್ನೊಂದು ಸಲ ಅಳೆದು ನೋಡು, ಬಟ್ಟೆ ಹಾಳಾದ್ರೆ ಯಾರು ಕೊಡ್ತಾರೆ ಎಂದು ಆ ಮಗುವಿನ ಕಿವಿಗೆ ದಿನವೂ ತುಂಬಿದ್ದು ತಾನೇ. ಒಮ್ಮೆ ತೋಳನ್ನು ತಪ್ಪಾಗಿ ಕತ್ತರಿಸಿದ್ದಕ್ಕೆ ಬೀದಿಗೆಲ್ಲ ಕೇಳುವಂತೆ ಬೈದದ್ದೂ ತಾನೇ. ಅದೇ ಹೆದರಿಕೆ ಈಗ ಇಲ್ಲಿಗೂ ಬಂದು ಕೂತಿತ್ತು.

ಅವಳು ಮೆಲ್ಲಗೆ ಕೇಳಿದಳು, "ಟೀಚರ್, ತಪ್ಪು ಬರೆದು ಒತ್ತಿದ್ರೆ ಮಿಷನ್ ಕೆಡುತ್ತಾ? ದಂಡ ಗಿಂಡ ಕಟ್ಟಬೇಕಾ?"

ಟೀಚರ್ ನಕ್ಕರು. "ಏನೂ ಕೆಡಲ್ಲಮ್ಮ. ಅಳಿಸಿ ಮತ್ತೆ ಬರೆದ್ರಾಯ್ತು. ನಾನೂ ದಿನಾ ತಪ್ಪು ಮಾಡ್ತೀನಿ. ಎಲ್ಲಿ ತಪ್ಪಿತು ಅಂತ ಹುಡುಕೋದೇ ಇಲ್ಲಿ ಅರ್ಧ ಪಾಠ."

ಟೈಲರಮ್ಮ ಕುರ್ಚಿ ಎಳೆದುಕೊಂಡು ಮಗಳ ಪಕ್ಕ ಕೂತಳು. "ಕೇಳಿಸ್ತಾ ಮರಿ? ಇದು ಬಟ್ಟೆ ಅಲ್ಲ. ಇಲ್ಲಿ ನೀನೆಷ್ಟು ಕೆಡಿಸಿದ್ರೂ ನಾನು ಬೈಯಲ್ಲ."

"ನಿಜವಾಗ್ಲೂ?"

"ನಿಜವಾಗ್ಲೂ. ಒತ್ತೇ, ನಂಗೂ ನೋಡ್ಬೇಕು."

ಮಗಳು ಕಣ್ಣು ಮುಚ್ಚಿ ಒತ್ತಿದಳು. ಆಮೆ ನೆಟ್ಟಗೆ ನಡೆದು, ಅತ್ತ ತಿರುಗಬೇಕಾದದ್ದು ಇತ್ತ ತಿರುಗಿ, ಪರದೆಯಿಂದಾಚೆ ಹೋಗಿ ನಾಪತ್ತೆಯಾಯಿತು. ತಾಯಿ ಮಗಳು ಮುಖ ಮುಖ ನೋಡಿಕೊಂಡರು. ಟೈಲರಮ್ಮನಿಗೆ ನಗು ತಡೆಯಲಾಗಲಿಲ್ಲ.

"ಅಯ್ಯೋ, ಬಟ್ಟೆ ಕೇಳೋರು ಬಂದ್ರೆ ನಾನು ತಪ್ಪಿಸ್ಕೊಳ್ಳೋ ಹಾಗೆ ಓಡ್ತಲ್ಲೇ!"

ಮಗಳೂ ನಕ್ಕುಬಿಟ್ಟಳು. ನಗುತ್ತಲೇ ತಿದ್ದಿದಳು. ಈ ಸಲ ಮೂರು ಗೆರೆ ಬಂದು ಆಮೆ ನಿಂತಿತು. ಎಲ್ಲಿ ಬಿಟ್ಟೆ ಎಂದು ತಾನೇ ಹುಡುಕಿ ಮತ್ತೆ ತಿದ್ದಿದಳು. ಚೌಕ ಕೂಡಿತು.

"ಬಂತು!" ಎಂದು ಕಿರುಚಿದ್ದು ಮಗಳಲ್ಲ, ತಾಯಿ. ಕೋಣೆಯೆಲ್ಲ ತಿರುಗಿ ನೋಡಿದರೂ ಅವಳಿಗೆ ನಾಚಿಕೆಯಾಗಲಿಲ್ಲ, ಹೆಮ್ಮೆಯಾಯಿತು.

"ಆ ಜಾಗ ಇವಳಿಗೇ ಇರಲಿ ಟೀಚರ್. ಸಂಜೆ ಅಂಗಡಿ ನಾನೊಬ್ಬಳೇ ನೋಡ್ಕೊಳ್ತೀನಿ," ಎಂದಳು.

ಇದನ್ನು ಓದುತ್ತಿರುವ ಅಮ್ಮಂದಿರೇ, ಅಪ್ಪಂದಿರೇ, ನಿಮ್ಮ ಹತ್ತಿರದ ಶಾಲೆಯಲ್ಲೋ ಲೈಬ್ರರಿಯಲ್ಲೋ ಇಂಥ ಉಚಿತ ತರಗತಿ ಇದೆಯೇ ಎಂದು ಇವತ್ತೇ ವಿಚಾರಿಸಿ. ಇದ್ದರೆ ಮಗನನ್ನೂ ಕಳುಹಿಸಿ, ಮಗಳನ್ನೂ ಕಳುಹಿಸಿ. ಶಾಲೆ ಬಿಟ್ಟವರಿದ್ದರೆ ಅವರನ್ನೂ ಎಬ್ಬಿಸಿ ಕರೆದುಕೊಂಡು ಹೋಗಿ. ಫೀಸು ಕೇಳದ ಆ ತರಗತಿಗೆ ನೀವು ಕೊಡಬೇಕಾದದ್ದು ಒಂದೇ ಒಂದು: ಮಗು ತಪ್ಪು ಮಾಡಿದಾಗ ಗದರಬೇಡಿ. ಪಕ್ಕದಲ್ಲಿ ಕೂತು, "ಇನ್ನೊಂದು ಸಲ ಒತ್ತು" ಅನ್ನಿ.